ಐಸ್ ತುಂಬಿದೆ

ಜೂನ್ 7, ಶನಿವಾರ

ಅಪ್ಪನನ್ನು ಆಸ್ಪತ್ರೆಯಿಂದ ಮನೆಗೆ ಕರೆತಂದೆವು. ಇನ್ನು ಮಾಡುವಂಥದ್ದು ಏನೂ ಉಳಿದಿಲ್ಲವೆಂದು ಡಾಕ್ಟರು ಅಪ್ಪನ ಅಕ್ಕ ಬಿಯುನ್ ಅತ್ತೆಗೆ ಹೇಳಿದರು, ನನಗೆ ಹೇಳಲಿಲ್ಲ. ಇಪ್ಪತ್ತಮೂರು ವರ್ಷದವಳಿಗೆ ಸತ್ಯ ಹೇಳಬಾರದೆಂದು ಯಾವ ಕಾನೂನಿದೆ? ಬಾಗಿಲ ಮರೆಯಲ್ಲಿ ನಿಂತು ಎಲ್ಲವನ್ನೂ ಕೇಳಿಸಿಕೊಂಡೆ. ಅನ್ನನಾಳ ಮುಚ್ಚಿಕೊಂಡಿದೆ. ಗಂಜಿ ಇಳಿಯುವುದಿಲ್ಲ. ಹೊಟ್ಟೆಗೆ ನೇರವಾಗಿ ಕೊಳವೆ ಹಾಕಿದ್ದಾರೆ. ಬಾಯಿಗೆ ಏನಾದರೂ ಕೊಡಬಹುದಾದರೆ ಅದು ಐಸಿನ ಸಣ್ಣ ಚೂರು ಮಾತ್ರ. ಬಾಯಲ್ಲೇ ಕರಗಬೇಕು.

ಬಂದವನೇ ಅಪ್ಪ ಕೇಳಿದ್ದು, "ಮಷಿನ್‌ಗೆ ನೀರು ಹಾಕಿದ್ದೀರಾ?"

ಅವನ ಐಸ್ ಯಂತ್ರದ ಬಗ್ಗೆ ಬರೆಯಲೇಬೇಕು. ಮೋಟಾರಿಗೆ ತಂತಿ ಸುತ್ತುವ ಕಾರ್ಖಾನೆಯಲ್ಲಿ ಅಪ್ಪ ಮೂವತ್ತು ವರ್ಷ ವಾರ್ನಿಷ್ ಹೊಗೆ ಕುಡಿದ. ಪ್ರತಿ ವರ್ಷದ ಕೊನೆಗೆ ಮಾಲೀಕರು ಔತಣ ಕೊಟ್ಟು ಲಾಟರಿ ಎತ್ತುತ್ತಿದ್ದರು. ಅಪ್ಪನ ಚೀಟಿ ಬಂದದ್ದು ಒಂದೇ ಸಲ, ಕೊನೆಯ ವರ್ಷ. ಬಹುಮಾನ, ಅಕ್ಕಿ ಬೇಯಿಸುವ ಕುಕ್ಕರಿಗಿಂತ ಸ್ವಲ್ಪ ದೊಡ್ಡದಾದ ಈ ಬಿಳಿ ಡಬ್ಬ. ವೇದಿಕೆಯ ಮೇಲೆ ಅದನ್ನು ಮಗುವಿನ ಹಾಗೆ ಎತ್ತಿಕೊಂಡು ನಿಂತಿರುವ ಅಪ್ಪನ ಫೋಟೋ ಇನ್ನೂ ದೇವರ ಮಣೆಯ ಪಕ್ಕದಲ್ಲಿದೆ. ಪುಪ್ಪುಸ ಕೊಟ್ಟವನಿಗೆ ಐಸ್ ಕೊಟ್ಟರು! ಇದರ ಒಂದು ಹರಳನ್ನೂ ಬಾಯಿಗೆ ಹಾಕುವುದಿಲ್ಲವೆಂದು ಅವತ್ತೇ ಅಪ್ಪನ ಮುಖಕ್ಕೆ ಹೇಳಿದ್ದೆ. ಇವತ್ತಿನವರೆಗೂ ಹಾಕಿಲ್ಲ.

ಜೂನ್ 9, ಸೋಮವಾರ

ಯಂತ್ರದ ತಲೆಯ ಮೇಲೆ ಹಸಿರು ಪೊಟ್ಟಣ ಪ್ರತ್ಯಕ್ಷವಾಗಿದೆ. ಮಕ್ಕಳು ತಿನ್ನುವ ಜೋಳದ ಕುರುಕಲು. ಅಪ್ಪನ ಕಾರ್ಖಾನೆಯಲ್ಲಿ ಪ್ರತಿ ಯಂತ್ರದ ಮೇಲೂ ಒಂದೊಂದು ಇರುತ್ತಿತ್ತು. ಅದಿದ್ದರೆ ಯಂತ್ರ ಹಟ ಮಾಡುವುದಿಲ್ಲವಂತೆ. ಹಸಿರೇ ಆಗಬೇಕಂತೆ, ಹಸಿರು ದೀಪ ಉರಿಯುತ್ತಲೇ ಇರಲಿ ಎಂದು. ಹಳದಿ, ಕೆಂಪು ಇಟ್ಟರೆ ಕೆಡುಕು. ತಾರೀಕು ಮುಗಿದದ್ದಿಟ್ಟರೆ ಇನ್ನೂ ಕೆಡುಕು. ಆಸ್ಪತ್ರೆಯಲ್ಲಿ ಅಪ್ಪನ ಪಕ್ಕದ ಉಸಿರಾಟದ ಯಂತ್ರದ ಮೇಲೂ ಒಂದು ಕೂತಿತ್ತು. ಓದಿದ ಡಾಕ್ಟರುಗಳ ಆಸ್ಪತ್ರೆ!

ಯಂತ್ರ ಕೆಡುವುದು ಹೊತ್ತಿಗೆ ಸರಿಯಾಗಿ ನೋಡಿಕೊಳ್ಳದೆ, ಒಬ್ಬ ಕೆಲಸಗಾರನ ಮೇಲೆ ಮೂರು ಯಂತ್ರ ಹೇರುವುದರಿಂದ. ಆ ಪ್ರಶ್ನೆಯನ್ನು ಯಾರೂ ಕೇಳದಿರಲಿ ಎಂದೇ ಇಂಥ ಪೊಟ್ಟಣಗಳು ಇರುವುದು. ಎತ್ತಿ ಕಸದ ಬುಟ್ಟಿಗೆ ಹಾಕಿದೆ.

ಅಪ್ಪ ಮಂಚದ ಮೇಲಿಂದ ನೋಡುತ್ತಿದ್ದ. "ಅದಕ್ಕೆ ಬೇಜಾರಾಗುತ್ತೆ ಕಣೇ."

"ಯಾವುದಕ್ಕೆ? ಡಬ್ಬಕ್ಕಾ?"

"ಪಾಪ, ಎರಡು ವರ್ಷದಿಂದ ಒಂದು ದಿನಾನೂ ರಜ ಹಾಕಿಲ್ಲ ಅದು."

"ಒಳ್ಳೆ ಮಾಲೀಕರ ಮಾತು ಕಲ್ತಿದ್ದೀಯ ಅಪ್ಪ."

ನಕ್ಕ. ನಕ್ಕರೆ ಕೆಮ್ಮು ಬರುತ್ತದೆ. ಅತ್ತೆ ಅಡುಗೆಮನೆಯಿಂದ ಕೂಗಿದಳು, "ಲೇ ಯಿಂಗ್‌ಜು, ಅವನನ್ನ ನಗಿಸ್ಬೇಡ ಅಂದಿಲ್ವಾ? ನಿನ್ನ ಭಾಷಣ ಬೀದೀಲಿಟ್ಕೋ."

ಜೂನ್ 11, ಬುಧವಾರ

ಜೆರಾಕ್ಸ್ ಅಂಗಡಿಯಲ್ಲಿ ಇಡೀ ದಿನ ಕೆಲಸ. ವಿಶ್ವವಿದ್ಯಾಲಯದ ಹುಡುಗರು ಕರಪತ್ರ ತಂದಿದ್ದರು: ಕೊಂಡ ವಸ್ತುವನ್ನು ದುರಸ್ತಿ ಮಾಡಿಕೊಳ್ಳುವುದು ಕೊಂಡವನ ಹಕ್ಕು, ಬಿಡಿಭಾಗ ಕೊಡದ ಕಂಪನಿಗಳದು ಕಳ್ಳತನ. ನಾನು ಓದಿದ್ದೆಲ್ಲ ಹೀಗೆಯೇ, ಯಂತ್ರದಿಂದ ಬಿಸಿಬಿಸಿ ಹೊರಬರುವ ಹಾಳೆಗಳಿಂದ. ಇದರಲ್ಲೂ ಒಂದು ಹೆಚ್ಚಿನ ಪ್ರತಿ ಇಟ್ಟುಕೊಂಡೆ. ಜುಲೈ ಆರಕ್ಕೆ ಮೆರವಣಿಗೆ. ಬ್ಯಾನರ್ ಹಿಡಿಯಲು ನನ್ನ ಹೆಸರನ್ನೂ ಬರೆದುಕೊಂಡರು.

ಮನೆಗೆ ಬಂದಾಗ ಅಪ್ಪ ನೆಲದ ಮೇಲೆ ಕೂತಿದ್ದ! ಯಂತ್ರಕ್ಕೆ ಬೆನ್ನು ಆನಿಸಿ, ಬೆವೆತು, ಏದುಸಿರು ಬಿಡುತ್ತಿದ್ದ. ಪಕ್ಕದಲ್ಲಿ ಸ್ಕ್ರೂಡ್ರೈವರ್.

"ಧೂಳು ಒರೆಸ್ತಿದ್ದೆ," ಅಂದ.

"ಸ್ಕ್ರೂಡ್ರೈವರಲ್ಲಿ ಧೂಳು ಒರೆಸ್ತಾರಾ?"

"ಸಂದೀಲಿ ಕೂತಿತ್ತು."

ಎತ್ತಿ ಮಲಗಿಸಿದೆ. ಎಷ್ಟು ಹಗುರ. ಜೋರಾಗಿ ಬೈದೆ. ಮೈಮೇಲೆ ಕೊಳವೆ ಇಟ್ಟುಕೊಂಡೂ ಅವರು ಕೊಟ್ಟ ಡಬ್ಬದ ಸೇವೆ ಮಾಡುತ್ತಾನೆ. ಮೂವತ್ತು ವರ್ಷದ ಗುಲಾಮಗಿರಿ ಅಂದರೆ ಇದೇ.

ಜೂನ್ 13, ಶುಕ್ರವಾರ

ಯಂತ್ರ ನಿಂತಿದೆ. ಬುಟ್ಟಿ ಖಾಲಿ, ಆದರೆ 'ಐಸ್ ತುಂಬಿದೆ' ಎನ್ನುವ ಕೆಂಪು ದೀಪ ಉರಿಯುತ್ತಿದೆ. ಪ್ಲಗ್ ತೆಗೆದು ಹಾಕಿದೆ. ನೀರು ಬದಲಾಯಿಸಿದೆ. ಒಂದು ನಿಮಿಷ ಗುಂಯ್ ಎನ್ನುತ್ತದೆ, ಆಮೇಲೆ ಮತ್ತೆ ಅದೇ ದೀಪ.

ಸೇವಾ ಕೇಂದ್ರಕ್ಕೆ ಫೋನು ಮಾಡಿದೆ. ಜೇನಿನಂಥ ದನಿಯ ಹೆಂಗಸು.

"ಮೇಡಂ, ಆ ಮಾಡೆಲ್ ನಿಂತುಹೋಗಿದೆ. ಬಿಡಿಭಾಗ ಬರಲ್ಲ. ಹಳೇದು ಕೊಟ್ಟು ಹೊಸದು ತಗೊಂಡ್ರೆ ರಿಯಾಯಿತಿ ಇದೆ."

"ಎರಡೇ ವರ್ಷ ಆಗಿರೋದು."

"ಹೌದು ಮೇಡಂ, ಬೇಸಿಗೆಗೆ ಹೊಸ ಬಣ್ಣಗಳೂ ಬಂದಿವೆ."

ಬಣ್ಣ! ಫೋನು ಇಟ್ಟೆ. ಕರಪತ್ರದಲ್ಲಿದ್ದ ಒಂದೊಂದು ಅಕ್ಷರವೂ ನಿಜ. ಇದು ತಾನಾಗಿ ಕೆಟ್ಟದ್ದಲ್ಲ, ಕೆಡಲೆಂದೇ ಮಾಡಿದ್ದು. ಹೊಸದನ್ನು ಕೊಳ್ಳುವುದಿಲ್ಲ. ನಾನೇ ರಿಪೇರಿ ಮಾಡುತ್ತೇನೆ, ಹೇಗೆ ಮಾಡಿದೆನೆಂದು ಬರೆದು ಸಾವಿರ ಪ್ರತಿ ಹಂಚುತ್ತೇನೆ.

ಮೂಲೆ ಅಂಗಡಿಯಿಂದ ಒಂದು ಚೀಲ ಐಸ್ ತಂದು ಸುತ್ತಿಗೆಯಿಂದ ಪುಡಿ ಮಾಡಿಕೊಟ್ಟೆ. ಅಪ್ಪ ಒಂದೆರಡು ಚೂರು ಬಾಯಿಗೆ ಹಾಕಿಕೊಂಡ. ಸ್ವಲ್ಪ ಹೊತ್ತಿಗೆ ಬಟ್ಟಲು ವಾಪಸು ಕೊಟ್ಟ. ಚೂರುಗಳ ಮೇಲೆ ರಕ್ತದ ಎಳೆ.

ಜೂನ್ 14, ಶನಿವಾರ

ಅಂಗಡಿಯ ಐಸು ಗಾಜಿನ ಹಾಗೆ ಗಟ್ಟಿ, ಒಡೆದರೆ ಅಂಚು ಚುಚ್ಚುತ್ತದೆ. ಅಪ್ಪನ ಬಾಯೊಳಗೆಲ್ಲ ಹುಣ್ಣು. ಯಂತ್ರದ ಐಸು ಟೊಳ್ಳು, ಬೆರಳ ತುದಿಗೆ ಹಾಕುವ ಟೋಪಿಯ ಹಾಗೆ. ನಾಲಿಗೆ ತಾಗಿದೊಡನೆ ಕುಸಿಯುತ್ತದೆ. ಈ ವ್ಯತ್ಯಾಸ ಅಪ್ಪನಿಗೆ ಗೊತ್ತಿತ್ತು, ಅತ್ತೆಗೂ ಗೊತ್ತಿತ್ತು. ಯಾವತ್ತೂ ತಿನ್ನದ ನನಗೆ ಗೊತ್ತಿರಲಿಲ್ಲ.

"ಹೊಸದು ತರೋಣ, ದುಡ್ಡು ನಾನು ಕೊಡ್ತೀನಿ," ಅಂದಳು ಅತ್ತೆ.

ಅಪ್ಪ ಕೈ ಆಡಿಸಿದ. "ಬೇಡ ಬೇಡ. ನನಗೆ ಬಂದಿರೋ ಬಹುಮಾನ ಒಂದೇ. ಅದೇ ಸರಿಹೋಗುತ್ತೆ."

"ಸರಿಹೋಗೋದು ಅಂದ್ರೇನು, ಜ್ವರಾನಾ ಅದಕ್ಕೆ?"

"ಇವಳು ನೋಡ್ತಾಳೆ," ಅಂದ ಅಪ್ಪ, ನನ್ನ ಕಡೆ ಗಲ್ಲ ಎತ್ತಿ.

ನಾನು ನೋಡುವುದು ತತ್ವಕ್ಕಾಗಿ.

ಜೂನ್ 17, ಮಂಗಳವಾರ

ಹುಡುಗರ ರಿಪೇರಿ ಬಳಗದಿಂದ ವಿದ್ಯುತ್ ತಡೆ ಅಳೆಯುವ ಮೀಟರೂ ಒಂದು ಸಣ್ಣ ಕೈಪಿಡಿಯೂ ಎರವಲು ಸಿಕ್ಕವು. ಮೇಲಿನ ಮುಚ್ಚಳ ಬಿಚ್ಚಿದೆ. ಬುಟ್ಟಿಯ ಅಂಚಿನಲ್ಲಿ ಎರಡು ತೆಳು ವೈರುಗಳ ತುದಿಗೆ ಕರಿಮೆಣಸಿನಷ್ಟು ದೊಡ್ಡ ಗುಂಡು. ಅದೇ ತಾಪಮಾನದ ಸೆನ್ಸರು. ಐಸು ರಾಶಿಯಾಗಿ ಅದನ್ನು ಮುಟ್ಟಿದರೆ ಅದಕ್ಕೆ ಚಳಿಯಾಗುತ್ತದೆ. ಆಗ ಬುಟ್ಟಿ ತುಂಬಿತೆಂದು ತಿಳಿದು ಯಂತ್ರ ನಿಲ್ಲುತ್ತದೆ. ಖಾಲಿ ಬುಟ್ಟಿಯಲ್ಲೂ ತುಂಬಿದೆ ಅನ್ನುತ್ತಿದೆಯೆಂದರೆ ಸೆನ್ಸರು ಸುಳ್ಳು ಹೇಳುತ್ತಿದೆ.

ಕೈಪಿಡಿಯಲ್ಲಿದ್ದ ಪರೀಕ್ಷೆ ಸರಳ. ಚಳಿಯಲ್ಲಿ ಮೀಟರಿನ ಸಂಖ್ಯೆ ಏರಬೇಕು, ಬಿಸಿಯಲ್ಲಿ ಇಳಿಯಬೇಕು. ಐಸ್ ನೀರಿನಲ್ಲಿ ಅದ್ದಿದೆ, ಏರಿತು. ಅಂಗೈಯಲ್ಲಿ ಮುಚ್ಚಿಕೊಂಡೆ, ಇಳಿದು ಒಂದು ಕಡೆ ನಿಂತಿತು.

"ಇಲ್ಲಿ ಕೊಡು," ಅಂದ ಅಪ್ಪ. ಕೆಲಸವೆಂದರೆ ಅವನ ಕಣ್ಣು ಇನ್ನೂ ಹೊಳೆಯುತ್ತದೆ. ಯಂತ್ರವನ್ನು ಮಂಚದ ಹತ್ತಿರಕ್ಕೆ ಸರಿಸಿ ಗುಂಡನ್ನು ಅವನ ಅಂಗೈಯಲ್ಲಿಟ್ಟು, ಬೆರಳು ಮಡಿಸಿ, ಮೇಲೆ ನನ್ನ ಕೈ ಮುಚ್ಚಿದೆ. ನನ್ನ ಕೈಯಲ್ಲಿ ನಿಂತ ಜಾಗದಲ್ಲಿ ಸಂಖ್ಯೆ ನಿಲ್ಲಲಿಲ್ಲ. ಇಳಿಯಿತು, ಇನ್ನೂ ಇಳಿಯಿತು.

"ಯಾಕೇ ನನ್ನ ಕೈಲಿ ಬೇರೆ?"

ಹಣೆ ಮುಟ್ಟಿದೆ. ಸುಡುತ್ತಿತ್ತು. ಇವನು ಬೆಳಗಿನಿಂದ ಯಾರಿಗೂ ಹೇಳಿರಲಿಲ್ಲ.

ಅತ್ತೆ ಜ್ವರದ ಮಾತ್ರೆ ಅರೆದು ಕೊಳವೆಯಲ್ಲಿ ಹಾಕಿದಳು. ಮಿಕ್ಕ ಐಸ್ ನೀರಲ್ಲಿ ಬಟ್ಟೆ ಅದ್ದಿ ಹಣೆಗಿಟ್ಟೆ. ಸೆನ್ಸರು ಕೆಟ್ಟಿದೆಯೋ ಇಲ್ಲವೋ ಎಂದು ಬರೆಯಲು ಕೂತವಳು ಅದನ್ನೇ ಮರೆತೆ. ಪರೀಕ್ಷೆಯಲ್ಲೇನೋ ಸರಿಯಿದೆ. ಆದರೂ ನಂಬಲಾರೆ. ಕಂಪನಿಯ ಮಾಲು, ಒಳಗೆಲ್ಲೋ ಸತ್ತಿರುತ್ತದೆ. ಇದೇ ಅಳತೆಯ ಬೇರೊಂದಕ್ಕೆ ಆರ್ಡರ್ ಮಾಡಿದೆ.

ಜೂನ್ 20, ಶುಕ್ರವಾರ

ಕರಪತ್ರದ ಮೊದಲ ಪುಟ ಬರೆದೆ. 'ಬಂಧುಗಳೇ, ಸುಳ್ಳು ಹೇಳುವ ಸೆನ್ಸರುಗಳನ್ನು ನಮ್ಮ ಮನೆಗಳಲ್ಲಿ ನೆಟ್ಟವರು ಯಾರು?' ಚೆನ್ನಾಗಿ ಬಂದಿದೆ. ಎರಡನೆಯ ಪುಟ ಬರೆಯಲು ಸಮಯ ಸಿಗಲಿಲ್ಲ. ಅಪ್ಪನನ್ನು ಎರಡು ಗಂಟೆಗೊಮ್ಮೆ ಹೊರಳಿಸಬೇಕು.

ಬಟ್ಟಲನ್ನು ಅದರ ಮೇಲಿಟ್ಟುಬಿಟ್ಟಿದ್ದೇನೆ. 'ಬಂಧುಗಳೇ' ಮೇಲೆ ನೀರಿನ ಉಂಗುರ.

ಜೂನ್ 23, ಸೋಮವಾರ

ಹೊಸ ಸೆನ್ಸರು ಬಂತು. ಹಾಕಿದೆ. ಅದೇ ದೀಪ.

ಸಿಟ್ಟು ಬಂದು ಯಂತ್ರದ ತಲೆಗೆ ಗುದ್ದಿದೆ.

"ಹೊಡೀಬೇಡ್ವೇ," ಅಂದ ಅಪ್ಪ. ದನಿ ಈಗ ಕಾಗದ ಮಡಚಿದಷ್ಟೇ ಕೇಳುತ್ತದೆ. "ಸದ್ದಾದ್ರೂ ಮಾಡ್ಲಿ ಅಂತ ಕಾಯ್ತಿದ್ದೀನಿ. ಟಣಟಣ ಅಂತ ಬುಟ್ಟಿಗೆ ಬೀಳ್ತಿತ್ತಲ್ಲ. ಕಣ್ಮುಚ್ಚಿ ಮಲಗಿದ್ರೆ ಮನೇಲಿ ಯಾರೋ ಓಡಾಡ್ತಿದಾರೆ ಅನ್ಸೋದು."

"ನಾನಿದ್ದೀನಲ್ಲ."

"ನೀನು ಮನೇಲಿದ್ದಿದ್ದು ಯಾವಾಗ? ಯಾವಾಗ್ಲೂ ಯಾವುದೋ ಮೆರವಣಿಗೆ." ತಮಾಷೆಗೇ ಅಂದದ್ದು. ಕಣ್ಣಲ್ಲಿ ನಗುವಿತ್ತು.

ಜೂನ್ 25, ಬುಧವಾರ

ಅತ್ತೆ ಅಪ್ಪನ ಮಂಚವನ್ನು ಕೋಣೆಯಿಂದ ನಡುಮನೆಗೆ ತರಿಸಿದಳು. ನೆರೆಯ ಇಬ್ಬರು ಗಂಡಸರು ಎತ್ತಿ ತಂದರು, ಮಾತಾಡದೆ ಹೋದರು. ನಡುಮನೆಗೆ ಮಂಚ ಬಂತೆಂದರೆ ಏನರ್ಥವೆಂದು ನಮ್ಮ ಬೀದಿಯಲ್ಲಿ ಎಲ್ಲರಿಗೂ ಗೊತ್ತು. ಕೊನೆಯುಸಿರು ದೇವರೆದುರು, ಹಿರಿಯರೆದುರು ಹೋಗಬೇಕು. ಇದೆಲ್ಲ ಊಳಿಗಮಾನ್ಯ ಕಾಲದ್ದು ಎಂದು ಮೊದಲಾಗಿದ್ದರೆ ಜಗಳ ತೆಗೆಯುತ್ತಿದ್ದೆ.

"ಗಾಳಿ ಜಾಸ್ತಿ ಬರುತ್ತೆ ಅಂತ," ಎಂದಳು ಅತ್ತೆ ಅಪ್ಪನಿಗೆ.

"ಹೌದ್ಹೌದು, ಗಾಳಿ," ಅಂದ ಅಪ್ಪ. ಮತ್ತೆ ನನ್ನತ್ತ ತಿರುಗಿ, "ಮಷಿನ್ನೂ ಇಲ್ಲೇ ತಗೊಂಡ್ಬಾ."

ಮಂಚದ ತಲೆದೆಸೆಯಲ್ಲಿಟ್ಟೆ.

ಜೂನ್ 26, ಗುರುವಾರ

ಸಿಕ್ಕಿತು.

ಅಂಗಡಿಗೆ ರಜೆ ಹೇಳಿ ಬೆಳಿಗ್ಗೆಯೇ ಕೂತೆ. ಅತ್ತೆ ಮಾರುಕಟ್ಟೆಗೆ ಹೋಗಿದ್ದಳು, ಅಪ್ಪ ನಿದ್ದೆಯಲ್ಲಿದ್ದ. ಕೈಪಿಡಿಯ ಕೊನೆಯ ಸಾಲು ಇಷ್ಟು ದಿನ ಕಣ್ಣಿಗೆ ಬಿದ್ದಿರಲಿಲ್ಲ: ಸೆನ್ಸರು ಸರಿಯಿದ್ದರೆ ಅದರ ವೈರನ್ನು ಕೊನೆತನಕ ಹಿಂಬಾಲಿಸಿ; ನಡುವೆ ತುಂಡಾಗಿದ್ದರೆ ಯಂತ್ರ ಅದನ್ನು ಅತಿ ಚಳಿಯೆಂದೇ ತಿಳಿಯುತ್ತದೆ. ಬೆರಳಿಟ್ಟು ಹಿಂಬಾಲಿಸಿದೆ. ಸೆನ್ಸರು ಕೂರುವ ಪುಟ್ಟ ಪ್ಲಗ್ಗಿನಿಂದಾಚೆ ವೈರು ಹಿಂಬದಿಯ ತಗಡಿನೊಳಗೆ ಹೋಗಿತ್ತು. ಆ ತಗಡನ್ನು ನಾನು ಬಿಚ್ಚಿಯೇ ಇರಲಿಲ್ಲ. ನಾಲ್ಕು ಸ್ಕ್ರೂಗಳಲ್ಲಿ ಒಂದು ಓರೆಯಾಗಿ ಕೂತಿತ್ತು, ನಡುಗುವ ಕೈಯಿಂದ ತಿರುಗಿಸಿದ ಹಾಗೆ.

ತಗಡು ತೆಗೆದೆ. ಒಳಗೆ ಹಸಿರು ಪೊಟ್ಟಣ.

ಗಾಳಿಯನ್ನೆಲ್ಲ ಸೂಜಿಯಿಂದ ತೆಗೆದು, ಚಪ್ಪಟೆ ಮಾಡಿ, ನಾಲ್ಕು ಮೂಲೆಗೂ ಟೇಪು ಅಂಟಿಸಿ ನೀಟಾಗಿ ಕೂರಿಸಿದ್ದಾನೆ ಅಪ್ಪ, ಅವತ್ತು 'ಧೂಳು ಒರೆಸುವಾಗ'. ನನ್ನ ಕಣ್ಣಿಗೆ ಬೀಳದ ಜಾಗದಲ್ಲಿ. ಅದರ ಅಂಚು ವೈರನ್ನು ತಗಡಿನತ್ತ ತಳ್ಳಿತ್ತು, ತಗಡು ಮುಚ್ಚಿದಾಗ ವೈರು ಜಜ್ಜಿಹೋಗಿ ಎರಡು ದಿನದಲ್ಲಿ ಒಳಗೆ ತುಂಡಾಗಿತ್ತು.

ಕಂಪನಿಯಲ್ಲ. ಸೆನ್ಸರಲ್ಲ.

ಪೊಟ್ಟಣ ತೆಗೆದು ಪಕ್ಕಕ್ಕಿಟ್ಟೆ. ಆಮೇಲೆ ವೈರಿನ ಜಜ್ಜಿದ ಭಾಗ ಕತ್ತರಿಸಿ, ಸಿಪ್ಪೆ ಸುಲಿದು, ಹೊಸೆದು, ಟೇಪು ಸುತ್ತಿದೆ. ತಗಡು ಮುಚ್ಚಿದೆ. ಪ್ಲಗ್ ಹಾಕಿದೆ. ಹಸಿರು ದೀಪ. ಒಳಗೆ ನೀರು ಹರಿಯುವ ಸದ್ದು. ಸ್ವಲ್ಪ ಹೊತ್ತಿನ ಮೇಲೆ ಟಣ್. ಟಣಟಣ.

ಅಪ್ಪ ಕಣ್ಣು ಬಿಟ್ಟ. "ಏನಾಗಿತ್ತೇ?"

"ಸೆನ್ಸರ್ ಕೆಟ್ಟಿತ್ತು. ಕಂಪನಿ ಕಳಪೆ ಮಾಲು ಹಾಕಿತ್ತು."

"ಪಾಪ, ಬೈಬೇಡ ಬಿಡು."

ಸುಳ್ಳು ಹೇಳಿದೆ. ಕಂಪನಿಯ ಮೇಲೆ ಸುಳ್ಳು ಹೊರಿಸುವುದೂ ಸುಳ್ಳೇ. ಇದರ ಬಗ್ಗೆ ಆಮೇಲೆ ಯೋಚಿಸಬೇಕು. ಮೊದಲ ಹರಳನ್ನು ಚಮಚದಲ್ಲಿ ಅವನ ತುಟಿಗಿಟ್ಟೆ. ಕಣ್ಣು ಮುಚ್ಚಿಕೊಂಡ. ಗಂಟಲು ಆಡಿತು. ಇನ್ನೊಂದು ಬೇಕೆಂದು ಬಾಯಿ ತೆರೆದ.

ಜೂನ್ 27, ಶುಕ್ರವಾರ

ಮೂಲೆ ಅಂಗಡಿಯಲ್ಲಿ ಹಸಿರು ಮುಗಿದಿತ್ತು. ಹಳದಿ ಇತ್ತು, ಕೆಂಪು ಇತ್ತು. "ಹಳದಿ ಆಗಲ್ವಾ?" ಅಂದ ಅಂಗಡಿಯವನು. "ತಲೆ ಸರಿಯಿದೆಯಾ ನಿಮಗೆ, ಮಷಿನ್‌ಗೆ ಇಡೋಕೆ," ಅಂದೆ. ರೈಲು ನಿಲ್ದಾಣದವರೆಗೆ ನಡೆದೆ. ಹಿಂದಿನ ಸಾಲಿನಿಂದ ತಾರೀಕು ನೋಡಿ ತೆಗೆದುಕೊಂಡೆ.

ಯಂತ್ರದ ತಲೆಯ ಮೇಲೆ, ಮಂಚದಿಂದ ಕಾಣುವ ಹಾಗೆ ಇಟ್ಟೆ. ಕಷ್ಟದ ದಿನಗಳಲ್ಲಿ ರೋಗಿಯ ಮನಸ್ಸಿನ ನೆಮ್ಮದಿಯೂ ಒಂದು ಭೌತಿಕ ಸಂಗತಿ. ಇದಕ್ಕಿಂತ ಹೆಚ್ಚು ಅರ್ಥ ಇದಕ್ಕಿಲ್ಲ.

ಅಪ್ಪ ತುಂಬ ಹೊತ್ತು ನೋಡಿದ.

"ಹಸಿರಾ?"

"ಹಸಿರೇ."

"ಡೇಟು?"

"ಮುಂದಿನ ವರ್ಷದ್ದು."

ತಲೆಯಾಡಿಸಿದ. ಆಮೇಲೆ ಸೂರು ನೋಡುತ್ತ, "ಹಳೇದು?"

"ತೆಗ್ದೆ, ಅಪ್ಪ."

ಅವನ ಬೆರಳು ಹೊದಿಕೆಯ ಮೇಲೆ ನನ್ನ ಬೆರಳನ್ನು ಹುಡುಕಿ ಹಿಡಿಯಿತು. ಮೀಟರು ಬೇಕಾಗಲಿಲ್ಲ. ಜ್ವರ ಮತ್ತೆ ಏರಿತ್ತು.

ಜುಲೈ 1, ಮಂಗಳವಾರ

ಐಸು ಅರ್ಧ ಚಮಚ. ಅದೂ ತುಟಿಯಿಂದ ಹೊರಕ್ಕೆ.

ಜುಲೈ 2, ಬುಧವಾರ

ನಾನು ಕಥೆ ಹೇಳುವವಳಲ್ಲ. ಆದರೂ ಇವತ್ತು ಆ ವರ್ಷದ ಔತಣದ ಕಥೆಯನ್ನು ಅವನಿಗೆ ನಾನೇ ಹೇಳಿದೆ. ಎಷ್ಟೋ ಸಲ ಅವನು ಹೇಳಲು ಹೊರಟಾಗ ಎದ್ದು ಹೋಗಿದ್ದೆನಾದರೂ ಪೂರ್ತಿ ಬಾಯಿಪಾಠವಿತ್ತು. ತಲೆಸಮೇತ ಬೇಯಿಸಿದ ಕೋಳಿಯ ತಟ್ಟೆ ಬಂದದ್ದು. ತಲೆ ಯಾರ ಕಡೆ ತಿರುಗಿದೆಯೋ ಅವನ ಕೆಲಸ ಹೋಯಿತೆಂದು ಎಲ್ಲರೂ ಹೆದರಿ ತಟ್ಟೆ ತಿರುಗಿಸುತ್ತ ಹೋದದ್ದು. ತಿರುಗಿ ತಿರುಗಿ ಕೋಳಿಯ ತಲೆ ಮಾಲೀಕರ ಕಡೆಗೇ ನಿಂತದ್ದು. ಆಮೇಲೆ ಮೈಕಿನಲ್ಲಿ 'ತಂತಿ ವಿಭಾಗದ ಕೋ ಶ್ವೇಮು' ಎಂದು ಅವನ ಹೆಸರು ಕೂಗಿದ್ದು.

"ಎಲ್ರೂ ಚಪ್ಪಾಳೆ ತಟ್ಟಿದ್ರು ಅಲ್ವಾ ಅಪ್ಪ?"

ಮೂಲೆಯಲ್ಲಿ ಅತ್ತೆ ಮುಖ ಮುಚ್ಚಿಕೊಂಡಳು. ಅಪ್ಪ ಕೇಳುತ್ತಿದ್ದ. ತುಟಿ ಸ್ವಲ್ಪ ಅಲುಗಿತು. ಹಿಂದೆ ಯಂತ್ರ ಟಣಟಣ ಅಂದಿತು.

ಜುಲೈ 3, ಗುರುವಾರ

ಅಪ್ಪ ಹೋದ. ಮಧ್ಯಾಹ್ನ.

ಜುಲೈ 4, ಶುಕ್ರವಾರ

ಅಂತ್ಯಕ್ರಿಯೆಗೆ ಒಳ್ಳೆಯ ದಿನ ಬರುವವರೆಗೆ ಶವವನ್ನಿಡುವ ತಂಪು ಪೆಟ್ಟಿಗೆ ಬಂದಿದೆ. ಗಾಜಿನ ಮುಚ್ಚಳ, ಬದಿಯಲ್ಲಿ ತಾಪಮಾನ ತೋರಿಸುವ ಅಂಕಿ. ತಂದವನು ಪ್ಲಗ್ ಹುಡುಕಿದ. ನಡುಮನೆಯಲ್ಲಿರುವುದು ಒಂದೇ. ಐಸ್ ಯಂತ್ರದ ಪ್ಲಗ್ಗಿಗೆ ಕೈಹಾಕಿದ.

"ಅದನ್ನ ಮುಟ್ಟಬೇಡಿ!" ನನ್ನ ದನಿಗೆ ನಾನೇ ಬೆಚ್ಚಿದೆ.

ಅವನು ಅತ್ತೆಯ ಮುಖ ನೋಡಿದ. ಅತ್ತೆ ಯಂತ್ರದ ಒಂದು ಬದಿ ತಾನು ಹಿಡಿದು, ಇನ್ನೊಂದು ಬದಿ ನನಗೆ ಬಿಟ್ಟಳು. ಇಬ್ಬರೂ ಎತ್ತಿ ಅಡುಗೆಮನೆಗೆ ತಂದು ಅಲ್ಲಿ ಪ್ಲಗ್ ಹಾಕಿದೆವು. ದಾರಿಯಲ್ಲಿ ಪೊಟ್ಟಣ ಜಾರಿ ಬಿತ್ತು. ಅತ್ತೆ ಬಗ್ಗಿ ಎತ್ತಿ, ಧೂಳು ಹೋಗಲೆಂದು ತೋಳಿಗೆ ಒರೆಸಿ, ವಾಪಸು ಇಟ್ಟಳು.

ಬಂದವರೆಲ್ಲ ಅಪ್ಪನ ಮುಖ ನೋಡುತ್ತಾರೆ. ನಾನು ಆ ಅಂಕಿ ನೋಡುತ್ತೇನೆ. ಸರಿಯಿದೆಯಾ ಎಂದು ಹೋಗಿ ಹೋಗಿ ನೋಡುತ್ತೇನೆ.

ಜುಲೈ 6, ಭಾನುವಾರ

ಬಳಗದ ಹುಡುಗಿ ಫೋನು ಮಾಡಿದ್ದಳು. ಹಿಂದೆ ಗದ್ದಲ, ಘೋಷಣೆ. "ಎಲ್ಲಿದ್ದೀಯಾ? ಬ್ಯಾನರ್ ಹಿಡಿಯೋರಿಲ್ಲ. ನಿನ್ನ ಕರಪತ್ರ ಏನಾಯ್ತು?"

"ಮುಗಿದಿಲ್ಲ," ಅಂದೆ. "ಸೆನ್ಸರ್ ಸರಿಯಾಗೇ ಇತ್ತು."

ಅವಳಿಗೆ ಕೇಳಿಸಿತೋ ಇಲ್ಲವೋ.

ಜುಲೈ 15, ಮಂಗಳವಾರ

ನಿನ್ನೆ ಎಲ್ಲ ಮುಗಿಯಿತು. ಪೆಟ್ಟಿಗೆಯವನು ಪೆಟ್ಟಿಗೆ ಒಯ್ದ. ನಡುಮನೆ ತುಂಬ ದೊಡ್ಡದಾಗಿ ಕಾಣುತ್ತದೆ. ಅತ್ತೆ ತನ್ನ ಮನೆಗೆ ಹೊರಟಳು. ಬಾಗಿಲಲ್ಲಿ ನಿಂತು, "ಆ ಮಷಿನ್ ಆಫ್ ಮಾಡ್ಬಿಡು. ಯಾರಿಗೆ ಅಂತ ಐಸ್ ಮಾಡುತ್ತೆ ಅದು," ಅಂದಳು. ಕೆನ್ನೆ ತಟ್ಟಿ ಹೋದಳು.

ಮನೆಯಲ್ಲಿ ಒಂದು ಸದ್ದೂ ಇರಲಿಲ್ಲ. ಅಡುಗೆಮನೆಗೆ ಹೋದೆ. ಕೆಂಪು ದೀಪ ಉರಿಯುತ್ತಿತ್ತು: ಐಸ್ ತುಂಬಿದೆ.

ಹೊಸೆದ ವೈರು ಮತ್ತೆ ಬಿಟ್ಟುಕೊಂಡಿತೆಂದುಕೊಂಡೆ. ಸ್ಕ್ರೂಡ್ರೈವರ್ ತಂದೆ, ಮೀಟರು ತಂದೆ. ಆಮೇಲೆ ಮುಚ್ಚಳ ಎತ್ತಿದೆ.

ಬುಟ್ಟಿ ತುಂಬಿತ್ತು. ಅಂಚಿನವರೆಗೆ, ಸೆನ್ಸರಿನ ಕರಿ ಗುಂಡನ್ನು ಮುಚ್ಚುವ ತನಕ. ತೆಗೆಯುವವರಿಲ್ಲದೆ ತುಂಬಿಕೊಂಡಿತ್ತು.

ಮೀಟರನ್ನು ಕೆಳಗಿಟ್ಟೆ. ಅಪ್ಪನ ಬಟ್ಟಲು ತಂದು, ಗುಂಡಿನ ಸುತ್ತಲಿನ ಐಸನ್ನು ಬಟ್ಟಲಿಗೆ ತೆಗೆದೆ. ಒಂದು ಹರಳನ್ನು ಬಾಯಿಗೆ ಹಾಕಿಕೊಂಡೆ. ಟೊಳ್ಳಾಗಿತ್ತು, ನಾಲಿಗೆ ತಾಗಿದೊಡನೆ ಕುಸಿಯಿತು, ನೀರಾಯಿತು. ರುಚಿಯೇನೂ ಇಲ್ಲ. ಇನ್ನೊಂದು ಹಾಕಿಕೊಂಡೆ.

ಸ್ವಲ್ಪ ಹೊತ್ತಿಗೆ ಕೆಂಪು ದೀಪ ಆರಿತು. ಒಳಗೆ ನೀರು ಹರಿಯತೊಡಗಿತು. ಬುಟ್ಟಿಯಲ್ಲಿ ಟಣ್ ಎನ್ನುವವರೆಗೆ ಅಲ್ಲೇ ನೆಲದ ಮೇಲೆ, ಯಂತ್ರಕ್ಕೆ ಬೆನ್ನು ಆನಿಸಿ ಕೂತಿದ್ದೆ.